ಪೆಟ್ಟಿಗೆಯೊಳಗಿನ ಮೇಲು ಕೀಳು

ಶಕ್ತಿಯ ಮೂಲ ಎಲ್ಲಿರಬೇಕು, ಅದರಿಂದ ನಡೆಯುವ ಯಂತ್ರ ಎಲ್ಲಿರಬೇಕು ಎಂಬ ಪ್ರಶ್ನೆಗೆ ಗೋಕಾಕ ಸೀಮೆ ಬಹಳ ಹಿಂದೆಯೇ ಒಂದು ಉತ್ತರ ಕೊಟ್ಟಿತ್ತು. 1880ರ ದಶಕದಲ್ಲಿ ಘಟಪ್ರಭೆಯ ಜಲಪಾತದ ಬಳಿ ಕಟ್ಟಿದ ನೂಲಿನ ಗಿರಣಿ ಬಂಡೆಯ ನೆತ್ತಿಯಲ್ಲಿ ನಿಂತರೆ, ಸುಮಾರು 52 ಮೀಟರ್ ಧುಮುಕುವ ನೀರಿನ ಬಲವನ್ನು ಹಿಡಿಯುವ ಟರ್ಬೈನುಗಳು ಕೆಳಗಿನ ಕಮರಿಯಲ್ಲಿ ಕುಳಿತವು. ಮಿಡ್-ಟವರ್ ಕ್ಯಾಬಿನೆಟ್ಟು, ಅಂದರೆ ಸುಮಾರು ಒಂದೂವರೆ ಅಡಿ ಎತ್ತರದ ಮಧ್ಯಮ ಗಾತ್ರದ ಕಂಪ್ಯೂಟರ್ ಪೆಟ್ಟಿಗೆ, ಇದನ್ನೇ ಹೋಲುವ ಏರ್ಪಾಟಿಗೆ ಬಂದು ಮುಟ್ಟಲು ಎರಡು ದಶಕ ತಿಣುಕಿತು.

ಪೆಟ್ಟಿಗೆಗಿಂತ ಮೊದಲು ಹಳ್ಳಿಗೆ ಕರೆಂಟು ಬರಬೇಕಿತ್ತು. ಆ ಕೆಲಸಕ್ಕೆ ನೆರೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಹುಟ್ಟಿಕೊಂಡಿತು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದಾಗ, ಆಗಿನ್ನೂ ಗೋಕಾಕ ತಾಲ್ಲೂಕಿನ ಭಾಗವೇ ಆಗಿದ್ದ ಮೂಡಲಗಿಯ ರೈತನಿಗೂ ಈ ಪೆಟ್ಟಿಗೆಯ ಪರಿಚಯವಾಯಿತು. ಜನರ ಬಾಯಲ್ಲಿ ಇಡೀ ಪೆಟ್ಟಿಗೆಗೇ ‘ಸಿಪಿಯು’ ಎಂಬ ಹೆಸರು ನಿಂತಿತು, ಅದು ನಿಜವಾಗಿ ಒಳಗೆ ಬೆಂಕಿಪೊಟ್ಟಣದಷ್ಟೂ ಇಲ್ಲದ ಒಂದು ಚಿಪ್ಪಿನ ಹೆಸರಾದರೂ.

1984ರ ಐಬಿಎಂ ಎಟಿ ಯಂತ್ರದಿಂದ ಬಂದ ಹಳೆಯ ವಿನ್ಯಾಸದಲ್ಲಿ ಈ ಚಿಪ್ಪು, ಹೆಚ್ಚುವರಿಯಾಗಿ ಸಿಕ್ಕಿಸುವ ಕಾರ್ಡುಗಳ ದಾರಿಗೆ ಅಡ್ಡಬರುತ್ತಿತ್ತು. ಇಂಟೆಲ್ 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಎಂಬ ಅಳತೆಯ ನಿಯಮವು 305 × 244 ಮಿಲಿಮೀಟರ್‌ನ ಮದರ್‌ಬೋರ್ಡನ್ನು, ಅಂದರೆ ಎಲ್ಲ ಭಾಗಗಳೂ ಬಂದು ಕೂಡುವ ತಾಯಿಹಲಗೆಯನ್ನು, ನಿಗದಿಪಡಿಸಿ ಚಿಪ್ಪನ್ನು ಮೇಲಕ್ಕೆ, ಎಸ್‌ಎಂಪಿಎಸ್ ಬಳಿಗೆ ಸರಿಸಿತು. ಗೋಡೆಯ ಕರೆಂಟನ್ನು ಯಂತ್ರಕ್ಕೆ ತಕ್ಕ ಸಣ್ಣ ವೋಲ್ಟೇಜಿಗೆ ಇಳಿಸುವ ಆ ಡಬ್ಬಿಯ ಫ್ಯಾನಿನಿಂದಲೇ ಚಿಪ್ಪನ್ನೂ ತಂಪಾಗಿಡಬಹುದೆಂಬುದು ಎಣಿಕೆ. ಎಣಿಕೆ ಬಹುಕಾಲ ಬಾಳಲಿಲ್ಲ. ಚಿಪ್ಪುಗಳ ಕಾವು ಏರಿದಂತೆ, ನೆತ್ತಿಯಲ್ಲಿದ್ದ ಎಸ್‌ಎಂಪಿಎಸ್ ಚಿಪ್ಪಿನ ಬಿಸಿಯುಸಿರನ್ನೇ ಹೀರಿ ತಾನೂ ಬೇಯತೊಡಗಿತು. 2005ರಲ್ಲಿ ಬಂದ ಆಂಟೆಕ್ ಪಿ180 ಎಂಬ ಪೆಟ್ಟಿಗೆಯು ಅದನ್ನು ತಳಕ್ಕೆ ಇಳಿಸಿ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿತು. ಮುಂದೆ ಈ ಕ್ರಮವೇ ರೂಢಿಯಾಯಿತು.

ಹೀಗಾಗಿ ಇಂದು ಒಳವಿನ್ಯಾಸವನ್ನು ತೂಗುವವರು ಮೊದಲು ನೋಡಬೇಕಾದದ್ದು ಗಾಜಿನ ಬಾಗಿಲನ್ನೋ ಬಣ್ಣದ ದೀಪವನ್ನೋ ಅಲ್ಲ, ಗಾಳಿಯ ದಾರಿಯನ್ನು. ಮುಂಭಾಗದ ಜಾಲರಿಯಿಂದ ಬಂದ ಗಾಳಿ ಡಿಸ್ಕಿನ ಗೂಡಿಗಾಗಲಿ ತಂತಿಗಳ ಸಿಕ್ಕಿಗಾಗಲಿ ತಡೆಯದೆ ಗ್ರಾಫಿಕ್ಸ್ ಕಾರ್ಡನ್ನೂ ಚಿಪ್ಪನ್ನೂ ಸವರಿ ಹಿಂದಿನಿಂದ, ನೆತ್ತಿಯಿಂದ ಹೊರಬೀಳಬೇಕು. ತಾಯಿಹಲಗೆಯ ಬೆನ್ನ ಹಿಂದೆ ಬೆರಳು ತೂರುವಷ್ಟು ಸಂದಿಯಿದ್ದರೆ ತಂತಿಗಳೆಲ್ಲ ಅಲ್ಲಿ ಅಡಗುತ್ತವೆ. ಈ ಸಂದಿ ಇಲ್ಲದ ಪೆಟ್ಟಿಗೆ ಎಷ್ಟೇ ಅಂದವಾಗಿದ್ದರೂ ಬಾಗಿಲು ಮುಚ್ಚುವಾಗ ಮೊಣಕಾಲು ಕೊಟ್ಟು ಒತ್ತಬೇಕಾಗುತ್ತದೆ. ಒಳತಳ್ಳುವ ಫ್ಯಾನುಗಳ ಬಲ ಹೊರದೂಡುವವುಗಳಿಗಿಂತ ತುಸು ಹೆಚ್ಚಿದ್ದರೆ ಗಾಳಿ ಸಂದುಗೊಂದಿನಿಂದ ನುಸುಳದೆ ಜಾಲರಿಯಲ್ಲಿ ಸೋಸಿಕೊಂಡೇ ಒಳಬರುತ್ತದೆ.

ಎರೆಮಣ್ಣಿನ, ಕಬ್ಬಿನ ಈ ನಾಡಿನಲ್ಲಿ ಆ ಕೊನೆಯ ಮಾತಿಗೆ ತೂಕ ಹೆಚ್ಚು. ತಳದ ಎಸ್‌ಎಂಪಿಎಸ್ ಉಸಿರೆಳೆಯುವುದು ನೆಲದಿಂದ. ಕಬ್ಬು ಕಡಿದ ಮೇಲೆ ರವದಿ ಸುಡುವ ದಿನಗಳಲ್ಲಿ ಅದರಡಿಯ ಜಾಲರಿಯನ್ನು ಹೊರಗೆಳೆದರೆ ನುಣ್ಣನೆಯ ಕಪ್ಪು ಧೂಳಿನೊಡನೆ ಕರಿಬೂದಿಯ ಎಸಳುಗಳು ಅಂಟಿಕೊಂಡಿರುತ್ತವೆ. ಜಾಲರಿ ಹಿಂಬದಿಗೆ ಜಾರುವಂತಿದ್ದರೆ ಪೆಟ್ಟಿಗೆಯನ್ನು ಗೋಡೆಯಿಂದ ಸರಿಸಿ, ತಂತಿ ಕಿತ್ತು ಒರಸಬೇಕು, ಮುಂಬದಿಗೆ ಜಾರುವಂತಿದ್ದರೆ ಕುಳಿತಲ್ಲಿಂದಲೇ ಎಳೆದು ಕೊಡವಬಹುದು. ಪೆಟ್ಟಿಗೆಯ ಪಾದಗಳು ಗಿಡ್ಡವಾಗಿದ್ದರೆ ಅದನ್ನು ಒಂದು ಮಣೆಯ ಮೇಲಿಡುವುದೇ ವಾಸಿ.