ಪಾರ್ಶ್ವವಾಯು: ಚೇತರಿಕೆಯ ಮುನ್ಸೂಚನೆ ಮತ್ತು ಚೇತರಿಕೆಯನ್ನು ಹೆಚ್ಚಿಸುವ ದಾರಿಗಳು

ಪಾರ್ಶ್ವವಾಯು, ಅಂದರೆ ಲಕ್ವ ಹೊಡೆದವರನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮನೆಯವರು ವೈದ್ಯರಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: "ಡಾಕ್ಟ್ರೇ, ಇವರು ಇನ್ನು ಎದ್ದು ನಡೆಯುತ್ತಾರೆಯೇ?" ವೈದ್ಯರು ಉತ್ತರಿಸಲು ಹಿಂಜರಿದರೆ ಮನೆಯವರಿಗೆ ಆತಂಕ. "ಕಷ್ಟ" ಎಂದು ಹೇಳಿದರೆ ಅದನ್ನೇ ಕೊನೆಯ ಮಾತೆಂದು ತಿಳಿದು ಕೈಚೆಲ್ಲುವವರೂ ಇದ್ದಾರೆ. ಮುನ್ಸೂಚನೆ ಎಂದರೇನು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು, ರೋಗಿಯ ಮುಂದಿನ ಬದುಕನ್ನು ಉತ್ತಮಗೊಳಿಸಲು ಯಾರು ಏನು ಮಾಡಬಹುದು ಎಂಬುದನ್ನು ನಾವು ಇಲ್ಲಿ ಸರಳವಾಗಿ ವಿವರಿಸಲು ಬಯಸುತ್ತೇವೆ. ರೋಗಿಗಳನ್ನು ಭೇಟಿ ಮಾಡುವ ಗುರುಗಳಿಗೆ, ಧರ್ಮಭಗಿನಿಯರಿಗೆ, ವಾಳೆಯ ಗುರಿಕಾರರಿಗೆ ಹಾಗೂ ಮನೆಯಲ್ಲಿ ಇಂತಹ ರೋಗಿ ಇರುವ ಪ್ರತಿಯೊಬ್ಬರಿಗೂ ಇದು ಉಪಯೋಗವಾದೀತು.

ಎರಡು ವಿಧದ ಆಘಾತ

ಮೆದುಳಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದು ಒಂದು ವಿಧ. ನಾಳ ಒಡೆದು ಮೆದುಳಿನೊಳಗೆ ರಕ್ತ ಹರಿದರೆ ಅದು ಇನ್ನೊಂದು ವಿಧ. ಹೆಚ್ಚಿನ ರೋಗಿಗಳಲ್ಲಿ ಕಾಣುವುದು ಮೊದಲನೆಯದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ: ಬಾಯಿ ಓರೆಯಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು. ಯಾವುದೆಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಆದುದರಿಂದ ಮನೆಯಲ್ಲಿಯೇ ಆಸ್ಪಿರಿನ್ ಮಾತ್ರೆ ನುಂಗಿಸುವುದು, ಬಿ.ಪಿ. ಇಳಿಸಲೆಂದು ಕೈಗೆ ಸಿಕ್ಕಿದ ಮಾತ್ರೆ ಕೊಡುವುದು ಅಪಾಯಕರ. ರಕ್ತ ಸೋರುತ್ತಿರುವವರಿಗೆ ಆಸ್ಪಿರಿನ್ ಕೊಟ್ಟರೆ ಕೇಡೇ ಹೆಚ್ಚು.

ಮುನ್ಸೂಚನೆ ಹೇಗೆ ಹೇಳುತ್ತಾರೆ?

ವೈದ್ಯರು ಊಹೆಯ ಮೇಲೆ ಹೇಳುವುದಿಲ್ಲ. ಅದಕ್ಕೆ ಕೆಲವು ಅಳತೆಗೋಲುಗಳಿವೆ.

ಮೊದಲನೆಯದು ಆಘಾತದ ತೀವ್ರತೆ. ಎಚ್ಚರ, ಕಣ್ಣಿನ ಚಲನೆ, ಮುಖ, ಕೈಕಾಲುಗಳ ಬಲ, ಸ್ಪರ್ಶ, ಮಾತು ಇತ್ಯಾದಿಗಳನ್ನು ಪರೀಕ್ಷಿಸಿ 0ಯಿಂದ 42ರವರೆಗೆ ಅಂಕ ಕೊಡುವ ಕ್ರಮವೊಂದು ಅಮೆರಿಕದಲ್ಲಿ 1989ರಲ್ಲಿ ಪ್ರಕಟವಾಯಿತು. ಇಂದು ಜಗತ್ತಿನೆಲ್ಲೆಡೆ 'ಎನ್.ಐ.ಎಚ್. ಸ್ಟ್ರೋಕ್ ಸ್ಕೇಲ್' ಎಂಬ ಹೆಸರಿನಲ್ಲಿ ಅದು ಬಳಕೆಯಲ್ಲಿದೆ. ಇಲ್ಲಿ ಅಂಕ ಹೆಚ್ಚಾದಷ್ಟೂ ಹಾನಿ ಹೆಚ್ಚು. ಆರು ಅಥವಾ ಅದಕ್ಕಿಂತ ಕಡಿಮೆ ಅಂಕದವರು ಚೆನ್ನಾಗಿ ಚೇತರಿಸಿಕೊಳ್ಳುವ ಸಂಭವ ಹೆಚ್ಚು. 16 ಅಥವಾ ಅದಕ್ಕಿಂತ ಮೇಲಿದ್ದರೆ ಸಾವು ಅಥವಾ ತೀವ್ರ ಅಂಗವೈಕಲ್ಯದ ಸಂಭವ ಹೆಚ್ಚು ಎಂದು 1999ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಎರಡನೆಯದು ವಯಸ್ಸು. ಮೂರನೆಯದು ಸ್ಕ್ಯಾನಿನಲ್ಲಿ ಕಾಣುವ ಹಾನಿಯ ವಿಸ್ತಾರ. ರಕ್ತಸ್ರಾವವಾದವರಲ್ಲಿ ಸೋರಿದ ರಕ್ತ 30 ಮಿಲಿಲೀಟರಿಗಿಂತ ಕಡಿಮೆಯೋ ಹೆಚ್ಚೋ, ಮೆದುಳಿನ ಯಾವ ಭಾಗದಲ್ಲಿದೆ, ರೋಗಿಗೆ ಎಚ್ಚರ ಎಷ್ಟಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಕೈಯ ವಿಷಯದಲ್ಲಿ ಇನ್ನೂ ಸುಲಭವಾದ ಪರೀಕ್ಷೆಯಿದೆ. ಆಘಾತವಾದ 72 ಗಂಟೆಗಳೊಳಗೆ ರೋಗಿ ಸೋತ ಕೈಯ ಬೆರಳುಗಳನ್ನು ಸ್ವಲ್ಪವಾದರೂ ಬಿಡಿಸಬಲ್ಲರೇ, ಭುಜವನ್ನು ಬದಿಗೆ ಎತ್ತಬಲ್ಲರೇ ಎಂದು ನೋಡುವುದು. ನೆದರ್ಲೆಂಡ್ಸಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇವೆರಡನ್ನೂ ಮಾಡಬಲ್ಲವರಲ್ಲಿ ಆರು ತಿಂಗಳ ಬಳಿಕ ಕೈ ಸ್ವಲ್ಪಮಟ್ಟಿಗಾದರೂ ಕೆಲಸಕ್ಕೆ ಬರುವ ಸಂಭವ ಶೇ. 98, ಮಾಡಲಾಗದವರಲ್ಲಿ ಶೇ. 25.

ಚೇತರಿಕೆಯನ್ನು ಅಳೆಯಲು ಸಾಮಾನ್ಯವಾಗಿ ಬಳಸುವುದು ಗ್ಲಾಸ್ಗೋದ ವೈದ್ಯ ಜಾನ್ ರ‍್ಯಾಂಕಿನ್ 1957ರಲ್ಲಿ ರೂಪಿಸಿ, ಮುಂದೆ ಇತರರು ಪರಿಷ್ಕರಿಸಿದ ಅಳತೆಯನ್ನು. 0 ಎಂದರೆ ಯಾವ ತೊಂದರೆಯೂ ಇಲ್ಲ. 2 ಎಂದರೆ ಹಿಂದಿನ ಎಲ್ಲ ಕೆಲಸ ಆಗದಿದ್ದರೂ ತನ್ನ ಕೆಲಸವನ್ನು ತಾನೇ ನೋಡಿಕೊಳ್ಳಬಲ್ಲರು. 3 ಎಂದರೆ ನಡೆಯಬಲ್ಲರು, ಆದರೆ ಸಹಾಯ ಬೇಕು. 5 ಎಂದರೆ ಹಾಸಿಗೆಯೇ ಗತಿ. 6 ಎಂದರೆ ಮರಣ. ಮನೆಯವರು "ಗುಣವಾಗುತ್ತಾರೆಯೇ" ಎಂದು ಕೇಳುವ ಬದಲು "ಮೂರು ತಿಂಗಳ ಬಳಿಕ ಇವರು ತಾವೇ ಶೌಚಾಲಯಕ್ಕೆ ಹೋಗಬಲ್ಲರೇ, ತಾವೇ ಊಟ ಮಾಡಬಲ್ಲರೇ" ಎಂದು ಕೇಳಿದರೆ ವೈದ್ಯರಿಂದ ಹೆಚ್ಚು ಸ್ಪಷ್ಟವಾದ ಉತ್ತರ ದೊರೆಯುತ್ತದೆ.

ಅಂಕವು ತೀರ್ಪಲ್ಲ

ಇಲ್ಲೊಂದು ಎಚ್ಚರಿಕೆ ಅಗತ್ಯ. ಶೇ. 25 ಎಂದರೆ ನಾಲ್ವರಲ್ಲಿ ಒಬ್ಬರು. ಆ ಒಬ್ಬರು ಯಾರೆಂದು ಅಂಕ ಹೇಳುವುದಿಲ್ಲ. ಕೈಯ ಚೇತರಿಕೆಯನ್ನು ಮುಂದಾಗಿ ಹೇಳಲು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ರೂಪಿಸಿ 2017ರಲ್ಲಿ ಪ್ರಕಟಿಸಿದ ವಿಧಾನವೂ ಸುಮಾರು ಶೇ. 75ರಷ್ಟು ರೋಗಿಗಳಲ್ಲಿ ಮಾತ್ರ ಸರಿಯಾಗುತ್ತದೆ.

ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಮೆದುಳಿನ ರಕ್ತಸ್ರಾವದ ರೋಗಿಗಳ ಬಗ್ಗೆ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಜ್ಞರು 2001ರಲ್ಲಿ ಒಂದು ಕಹಿ ಸತ್ಯವನ್ನು ಮುಂದಿಟ್ಟರು. "ಇವರು ಬದುಕುವುದಿಲ್ಲ" ಎಂದು ಆರಂಭದಲ್ಲಿಯೇ ನಿರ್ಧರಿಸಿ ಚಿಕಿತ್ಸೆ ನಿಲ್ಲಿಸಿದರೆ ರೋಗಿ ತೀರಿಕೊಳ್ಳುತ್ತಾರೆ. ಬಳಿಕ ಆ ಮುನ್ಸೂಚನೆ ಸರಿಯಾಗಿತ್ತೆಂದೇ ಎಲ್ಲರೂ ಭಾವಿಸುತ್ತಾರೆ. ಹೇಳಿದ ಮಾತೇ ಸಾವಿಗೆ ಕಾರಣವಾಗಬಹುದು. ಆದ ಕಾರಣ, ಇಂತಹ ರೋಗಿಗಳಿಗೆ ಪೂರ್ಣ ಚಿಕಿತ್ಸೆ ನೀಡಬೇಕು, ಚಿಕಿತ್ಸೆಯನ್ನು ಮಿತಿಗೊಳಿಸುವ ಹೊಸ ನಿರ್ಧಾರಗಳನ್ನು ಆಸ್ಪತ್ರೆಗೆ ಸೇರಿದ ಎರಡನೆಯ ಪೂರ್ಣ ದಿನದವರೆಗಾದರೂ ಮುಂದೂಡಬೇಕು ಎಂದು ಅಮೆರಿಕದ ಮಾರ್ಗಸೂಚಿಗಳು ಸಲಹೆ ನೀಡುತ್ತವೆ. ರೋಗಿ ಮೊದಲೇ ಸ್ಪಷ್ಟವಾಗಿ ತಿಳಿಸಿರುವ ಇಚ್ಛೆಗೆ ಇದು ಅನ್ವಯಿಸುವುದಿಲ್ಲ. "ಮನೆಗೆ ಕರೆದುಕೊಂಡು ಹೋಗೋಣವೇ, ಫಾದರ್?" ಎಂದು ಮೊದಲ ರಾತ್ರಿಯೇ ಮನೆಯವರು ನಮ್ಮಲ್ಲಿ ಕೇಳಿದರೆ ಈ ವಿಷಯ ನಮ್ಮ ನೆನಪಿನಲ್ಲಿರಬೇಕು. ಅವಸರ ಬೇಡ, ವೈದ್ಯರೊಡನೆ ಇನ್ನೊಮ್ಮೆ ಕುಳಿತು ಮಾತನಾಡಿ ಎಂದು ಹೇಳುವುದು ಲೇಸು.

ಮೊದಲ ಗಂಟೆಗಳು

ಮುನ್ಸೂಚನೆಯನ್ನು ಬದಲಾಯಿಸಬಲ್ಲ ಅತಿ ದೊಡ್ಡ ಶಕ್ತಿ ಸಮಯ. ದೊಡ್ಡ ರಕ್ತನಾಳ ಮುಚ್ಚಿದಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು ಅಮೆರಿಕದ ವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು.

ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಮೂರು ಗಂಟೆಗಳೊಳಗೆ ಕೊಟ್ಟರೆ, ಮೂರು ತಿಂಗಳ ಬಳಿಕ ವೈಕಲ್ಯವಿಲ್ಲದೆ ಅಥವಾ ಅತ್ಯಲ್ಪ ವೈಕಲ್ಯದೊಂದಿಗೆ ಇರುವ ಸಂಭವ ಕನಿಷ್ಠ ಶೇ. 30ರಷ್ಟು ಹೆಚ್ಚು ಎಂದು 1995ರಲ್ಲಿ 624 ರೋಗಿಗಳ ಪರೀಕ್ಷೆಯಿಂದ ತಿಳಿದುಬಂತು. ಅಪಾಯವೂ ಇಲ್ಲದಿಲ್ಲ: ಮದ್ದು ಪಡೆದವರಲ್ಲಿ ಶೇ. 6.4 ಮಂದಿಗೆ ಮೆದುಳಿನಲ್ಲಿ ತೀವ್ರ ರಕ್ತಸ್ರಾವವಾಯಿತು. 2008ರಲ್ಲಿ ಈ ಅವಧಿ ನಾಲ್ಕೂವರೆ ಗಂಟೆಗಳವರೆಗೆ ವಿಸ್ತರಿಸಬಹುದೆಂದು ಯುರೋಪಿನ ಅಧ್ಯಯನ ತೋರಿಸಿತು. 2015ರಲ್ಲಿ ಐದು ಪರೀಕ್ಷೆಗಳು ಇನ್ನೊಂದು ದಾರಿಯನ್ನು ದೃಢಪಡಿಸಿದವು. ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ಕೊಳವೆ ಹಾಯಿಸಿ ದೊಡ್ಡ ಹೆಪ್ಪನ್ನು ಹೊರಗೆಳೆಯುವುದೇ ಆ ವಿಧಾನ. ಆಯ್ದ ರೋಗಿಗಳಲ್ಲಿ 24 ಗಂಟೆಗಳವರೆಗೂ ಇದರಿಂದ ಪ್ರಯೋಜನವಿದೆಯೆಂದು 2018ರಲ್ಲಿ ತಿಳಿದುಬಂತು.

ಸಮಯದ ಲೆಕ್ಕ ಆರಂಭವಾಗುವುದು ರೋಗಿ ಕೊನೆಯದಾಗಿ ಸರಿಯಾಗಿದ್ದ ಗಳಿಗೆಯಿಂದ. ಬೆಳಿಗ್ಗೆ ಏಳುವಾಗ ಕೈ ಸೋತಿದ್ದರೆ ರಾತ್ರಿ ಮಲಗಿದ ಹೊತ್ತೇ ಲೆಕ್ಕಕ್ಕೆ ಬರುತ್ತದೆ. ಆ ಹೊತ್ತನ್ನು ಬರೆದುಕೊಂಡು ವೈದ್ಯರಿಗೆ ಹೇಳಿರಿ. ತಡವಾಯಿತೆಂದು ನೀವೇ ತೀರ್ಮಾನಿಸಬೇಡಿ. 108ಕ್ಕೆ ಕರೆ ಮಾಡಿ ಹಗಲಿರುಳು ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿರಿ. ಹತ್ತಿರದ ಕ್ಲಿನಿಕ್, ಅಲ್ಲಿಂದ ನಾಟಿ ವೈದ್ಯರು, ಅಲ್ಲಿಂದ ತಾಲೂಕು, ಅಲ್ಲಿಂದ ಜಿಲ್ಲೆ ಎಂದು ಅಲೆದರೆ ಗಂಟೆಗಳು ದಾರಿಯಲ್ಲಿಯೇ ಮುಗಿಯುತ್ತವೆ.

ಮೊದಲ ಮೂರು ದಿನಗಳು: ಜ್ವರ, ಸಕ್ಕರೆ, ನುಂಗುವಿಕೆ

ಹೆಪ್ಪು ಕರಗಿಸುವ ಮದ್ದು ಎಲ್ಲರಿಗೂ ದೊರೆಯುವುದಿಲ್ಲ. ದೊರೆತರೂ ಎಲ್ಲರಿಗೂ ಹೊಂದುವುದಿಲ್ಲ. ಆದರೆ ಎಲ್ಲ ರೋಗಿಗಳಿಗೂ ಸಲ್ಲುವ ಆರೈಕೆಯೊಂದಿದೆ. ಅದನ್ನು ತೋರಿಸಿಕೊಟ್ಟವರು ದಾದಿಯರು.

ಆಸ್ಟ್ರೇಲಿಯಾದ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಶುಶ್ರೂಷಾ ಪ್ರಾಧ್ಯಾಪಕಿ ಸ್ಯಾಂಡಿ ಮಿಡಲ್ಟನ್ ಅವರ ನೇತೃತ್ವದಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ 19 ಸ್ಟ್ರೋಕ್ ಘಟಕಗಳಲ್ಲಿ ಒಂದು ಅಧ್ಯಯನ ನಡೆಯಿತು. ಕೆಲವು ಘಟಕಗಳ ದಾದಿಯರಿಗೆ ಮೂರು ವಿಷಯಗಳಲ್ಲಿ ತರಬೇತಿ ನೀಡಲಾಯಿತು. ಮೊದಲ 72 ಗಂಟೆ ಕಾಲ ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿ, 37.5 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಪ್ಯಾರಾಸಿಟಮಾಲ್ ಕೊಡುವುದು. ಬೆರಳ ತುದಿಯ ರಕ್ತದಿಂದ ಸಕ್ಕರೆ ನೋಡಿ ಹೆಚ್ಚಾದರೆ ಇಳಿಸುವುದು. ಬಾಯಿಯ ಮೂಲಕ ಏನನ್ನೂ ಕೊಡುವ ಮೊದಲು, 24 ಗಂಟೆಗಳೊಳಗೆ, ರೋಗಿ ನುಂಗಬಲ್ಲರೇ ಎಂದು ಪರೀಕ್ಷಿಸುವುದು. ಹೊಸ ಔಷಧಿಯಿಲ್ಲ, ದುಬಾರಿ ಯಂತ್ರವಿಲ್ಲ. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, 90 ದಿನಗಳ ಬಳಿಕ ಮೃತರಾದವರು ಅಥವಾ ಪರಾವಲಂಬಿಗಳಾದವರು ಇತರ ಘಟಕಗಳಲ್ಲಿ ಶೇ. 58 ಇದ್ದರೆ ಈ ಘಟಕಗಳಲ್ಲಿ ಶೇ. 42 ಮಾತ್ರ.

ರಕ್ತಸ್ರಾವದ ರೋಗಿಗಳ ವಿಷಯದಲ್ಲಿಯೂ ಇಂತಹದೇ ಪಾಠ ದೊರೆತಿದೆ. ಭಾರತವೂ ಸೇರಿದಂತೆ ಹತ್ತು ದೇಶಗಳ 7,036 ರೋಗಿಗಳ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರಕ್ತದೊತ್ತಡವನ್ನು ಬೇಗನೆ 140ಕ್ಕಿಂತ ಕೆಳಗೆ ತರುವುದು, ಸಕ್ಕರೆ ಮತ್ತು ಜ್ವರವನ್ನು ಹತೋಟಿಯಲ್ಲಿಡುವುದು, ರಕ್ತ ತೆಳುಗೊಳಿಸುವ ಮಾತ್ರೆಯ ಪರಿಣಾಮವನ್ನು ಹಿಂದೆಗೆಯುವುದು, ಇವೆಲ್ಲವನ್ನು ಒಟ್ಟಾಗಿ ಮಾಡಿದಾಗ ರೋಗಿಗಳ ಸ್ಥಿತಿ ಉತ್ತಮವಾಯಿತು.

ಪಾರ್ಶ್ವವಾಯು ರೋಗಿಗಳಿಗೆಂದೇ ಮೀಸಲಾದ ಸ್ಟ್ರೋಕ್ ಘಟಕದಲ್ಲಿ ತರಬೇತಾದ ತಂಡ ಆರೈಕೆ ಮಾಡಿದರೆ, ಪ್ರತಿ ನೂರು ರೋಗಿಗಳಲ್ಲಿ ಇಬ್ಬರು ಹೆಚ್ಚಾಗಿ ಬದುಕುಳಿಯುತ್ತಾರೆ, ಆರು ಮಂದಿ ಹೆಚ್ಚಾಗಿ ಸ್ವಾವಲಂಬಿಗಳಾಗುತ್ತಾರೆ ಎಂದು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2020ರ ಪರಾಮರ್ಶೆ ಹೇಳುತ್ತದೆ.

ನೀರು, ಗಂಜಿ ಮತ್ತು ಪರಮ ಪ್ರಸಾದ

ನುಂಗುವ ವಿಷಯವನ್ನು ನಾವು ಒತ್ತಿ ಹೇಳುತ್ತೇವೆ. ರೋಗಿಗೆ ಸುಸ್ತಾಗಿದೆಯೆಂದು ಒಂದು ಲೋಟ ನೀರು, ಬೊಂಡದ ನೀರು, ಗಂಜಿತಿಳಿ ಕುಡಿಸುವುದು ನಮ್ಮ ಕರಾವಳಿಯ ಮನೆಗಳಲ್ಲಿ ಪ್ರೀತಿಯ ಸಹಜ ರೂಪ. ಆದರೆ ಗಂಟಲ ಸ್ನಾಯುಗಳು ಸೋತಿರುವಾಗ ಅದು ಅನ್ನನಾಳದ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಅದರಿಂದ ನ್ಯುಮೋನಿಯಾ ಬರುತ್ತದೆ. ಆಘಾತದಿಂದ ಪಾರಾದವರು ಈ ನ್ಯುಮೋನಿಯಾದಿಂದ ತೀರಿಕೊಳ್ಳುವುದುಂಟು.

ಪರಮ ಪ್ರಸಾದ ಒಯ್ಯುವವರೂ ಇದನ್ನು ಗಮನಿಸಬೇಕು. ನುಂಗುವ ಪರೀಕ್ಷೆ ಆಗಿದೆಯೇ ಎಂದು ದಾದಿಯರಲ್ಲಿ ಮೊದಲು ಕೇಳಿರಿ. ಅವರು ಒಪ್ಪಿದರೆ ಮಾತ್ರ, ಅವರು ಹೇಳಿದ ರೀತಿಯಲ್ಲಿ, ಸಣ್ಣ ತುಣುಕನ್ನು ನೀಡಬಹುದು. ಜೊತೆಗೆ ನೀರು ಕೊಡುವುದನ್ನೂ ಅವರಲ್ಲಿ ಕೇಳಿಯೇ ಮಾಡಿರಿ. ಬೇಡವೆಂದರೆ ಪ್ರಾರ್ಥಿಸಿ ಬನ್ನಿ. ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ನುಂಗುವ ಅಗತ್ಯವಿಲ್ಲ. ಅದು ಕೊನೆಯುಸಿರಿನ ಅಂಚಿನಲ್ಲಿರುವವರಿಗೆ ಮಾತ್ರವಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸ್ಪಷ್ಟಪಡಿಸಿದೆ. ಗುರುಗಳು ಬಂದರೆಂದರೆ ರೋಗಿಯ ಕಥೆ ಮುಗಿಯಿತು ಎಂಬ ಭಯವನ್ನು ಮನೆಯವರು ಬಿಡಬೇಕು.

ಎಬ್ಬಿಸಿ ನಡೆಸುವುದು ಯಾವಾಗ?

ಬೇಗ ಎಬ್ಬಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆ ವೈದ್ಯರಲ್ಲಿಯೂ ಇತ್ತು. ಐದು ದೇಶಗಳ 2,104 ರೋಗಿಗಳ ಅಧ್ಯಯನ 2015ರಲ್ಲಿ ಅದನ್ನು ತಿದ್ದಿತು. ಮೊದಲ 24 ಗಂಟೆಗಳಲ್ಲಿಯೇ ಆರಂಭಿಸಿ ಹೆಚ್ಚು ಹೊತ್ತು, ಹೆಚ್ಚು ಬಾರಿ ಎಬ್ಬಿಸಿದವರಲ್ಲಿ ಶೇ. 46 ಮಂದಿ ಉತ್ತಮ ಸ್ಥಿತಿ ತಲುಪಿದರೆ, ಸಾಮಾನ್ಯ ಆರೈಕೆ ಪಡೆದವರಲ್ಲಿ ಶೇ. 50 ಮಂದಿ ತಲುಪಿದರು. ಹಾಗೆಂದು ಮಲಗಿಸಿಯೇ ಇಡುವುದೂ ತಪ್ಪು. ಫಿಸಿಯೋಥೆರಪಿ ತಜ್ಞರು ಹೇಳಿದ ದಿನದಿಂದ, ಅವರು ಹೇಳಿದಷ್ಟು, ತಪ್ಪದೆ ಮಾಡಿಸಬೇಕು. ಸೋತ ಕೈಯನ್ನು ಹಿಡಿದು ಎಳೆದು ಎಬ್ಬಿಸಬಾರದು. ಭುಜದ ಕೀಲು ಜಾರಿ ನೋವು ಶಾಶ್ವತವಾಗಬಹುದು.

ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಅಧ್ಯಯನವೊಂದು 1995ರಲ್ಲಿ ತೋರಿಸಿದಂತೆ, ದೈನಂದಿನ ಕೆಲಸಗಳಲ್ಲಿ ಶೇ. 95 ರೋಗಿಗಳು ತಮ್ಮ ಅತ್ಯುತ್ತಮ ಮಟ್ಟವನ್ನು ಮುಟ್ಟುವುದು ಮೊದಲ ಹನ್ನೆರಡೂವರೆ ವಾರಗಳಲ್ಲಿ. ಬಳಿಕವೂ, ವಿಶೇಷವಾಗಿ ಮಾತಿನಲ್ಲಿ, ಸುಧಾರಣೆ ಸಾಧ್ಯ. ಆದರೆ ಆ ಮೂರು ತಿಂಗಳುಗಳು ಅಮೂಲ್ಯ.

ಮನೆಯವರ ಪ್ರೀತಿಯೊಂದೇ ಸಾಕೇ?

ಈ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ಉತ್ತರ ಹುಡುಕಲಾಯಿತು. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿಕೊಂಡು, ಮನೆಯವರಿಗೇ ವ್ಯಾಯಾಮ ಕಲಿಸಿ ಮಾಡಿಸುವ ಕ್ರಮವನ್ನು ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶಾದಾಯಕವಾಗಿತ್ತು: ಆರು ತಿಂಗಳ ಬಳಿಕ ಎರಡೂ ಗುಂಪುಗಳಲ್ಲಿ ಶೇ. 47 ಮಂದಿ ಮೃತರಾಗಿದ್ದರು ಅಥವಾ ಪರಾವಲಂಬಿಗಳಾಗಿದ್ದರು. ಮನೆಯವರ ಸೇವೆ ವ್ಯರ್ಥವೆಂದು ಇದರ ಅರ್ಥವಲ್ಲ. ತಜ್ಞರು ಮಾಡಬೇಕಾದ ಕೆಲಸವನ್ನು ಮನೆಯವರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಅರ್ಥ. ರೋಗಿಯನ್ನು ನೋಡಿಕೊಳ್ಳುವ ಹೆಂಡತಿಗೋ ಮಗಳಿಗೋ "ನೀವು ಸರಿಯಾಗಿ ಮಾಡಿಸಲಿಲ್ಲ" ಎಂದು ಹೇಳುವ ನೆಂಟರಿಷ್ಟರು ಈ ಮಾತನ್ನು ನೆನಪಿಡಬೇಕು.

ಧರ್ಮಕೇಂದ್ರ ಏನು ಮಾಡಬಹುದು?

ಔಷಧಿ ತಪ್ಪದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಒಮ್ಮೆ ಆಘಾತವಾದವರಿಗೆ ಮತ್ತೊಮ್ಮೆ ಆಗುವ ಅಪಾಯ ಹೆಚ್ಚು, ಅಧಿಕ ರಕ್ತದೊತ್ತಡವೇ ಅದರ ಮುಖ್ಯ ಕಾರಣ. ಗುಣವಾಯಿತೆಂದು ಬಿ.ಪಿ. ಮಾತ್ರೆ ನಿಲ್ಲಿಸುವವರನ್ನು ಎಚ್ಚರಿಸಬೇಕು. ಫಿಸಿಯೋಥೆರಪಿಗೆ ಹೋಗಲು ವಾಹನವಿಲ್ಲದವರಿಗೆ ವಾರಕ್ಕೆ ಎರಡು ಬಾರಿ ಯಾರಾದರೂ ಕಾರು ಅಥವಾ ರಿಕ್ಷಾದ ವ್ಯವಸ್ಥೆ ಮಾಡಿದರೆ ಅದು ದೊಡ್ಡ ಉಪಕಾರ. ಸುಮಾರು ಮೂವರಲ್ಲಿ ಒಬ್ಬರು ರೋಗಿಗಳಿಗೆ ಖಿನ್ನತೆ ಬರುತ್ತದೆ. ಸುಮ್ಮನೆ ಅಳುವುದು, ಊಟ ಬಿಡುವುದು, ವ್ಯಾಯಾಮಕ್ಕೆ ಒಲ್ಲೆನೆನ್ನುವುದು ಹಟವಲ್ಲ, ಅದಕ್ಕೆ ಚಿಕಿತ್ಸೆಯಿದೆ. ಮಾತು ನಿಂತವರ ಬುದ್ಧಿಯೂ ನಿಂತಿದೆ ಎಂದು ತಿಳಿದು ಅವರೆದುರಿಗೇ ಅವರ ಸಾವಿನ ಬಗ್ಗೆ ಮಾತನಾಡುವುದನ್ನು ನಾವು ಕಂಡಿದ್ದೇವೆ. ಅವರಿಗೆ ಕೇಳಿಸುತ್ತದೆ, ಹೆಚ್ಚಿನವರಿಗೆ ಬಹಳಷ್ಟು ಅರ್ಥವೂ ಆಗುತ್ತದೆ.

ಮುನ್ಸೂಚನೆ ಇರುವುದು ಸಿದ್ಧತೆಗಾಗಿ. ಯಾರಿಗೆ ಗಾಲಿಕುರ್ಚಿ ಬೇಕಾದೀತು, ಯಾರ ಮನೆಯ ಮೆಟ್ಟಿಲಿಗೆ ಹಿಡಿಕೆ ಹಾಕಿಸಬೇಕು, ಯಾರಿಗೆ ಯಾವ ವ್ಯಾಯಾಮ ಹೆಚ್ಚು ಫಲ ಕೊಟ್ಟೀತು ಎಂದು ಅದು ಮೊದಲೇ ತಿಳಿಸುತ್ತದೆ. ಅದನ್ನು ಹಾಗೆಯೇ ಬಳಸೋಣ. ಮುಂದಿನ ಬಾರಿ ವೈದ್ಯರು ಒಂದು ಅಂಕ ಹೇಳಿದಾಗ, "ಹಾಗಾದರೆ ಈಗ ನಾವು ಏನು ಮಾಡಬೇಕು?" ಎಂದು ಕೂಡಲೇ ಕೇಳಿರಿ.