ಬಸಿರಿನ ಬವಣೆಯೂ ಮೈಸೂರಿನ ರಿಜಿಸ್ಟರೂ: ಒಂದು ತಪ್ಪು ಓದಿನ ತಿದ್ದುಪಡಿ

ಬಸಿರಲ್ಲೇ ಬಡವಾದ ಕೂಸಿಗೆ ಮುಂದೆ ಸಕ್ಕರೆ ಕಾಯಿಲೆ ಕಟ್ಟಿಟ್ಟದ್ದು, ಮೈಸೂರಿನ ದಾಖಲೆಗಳೇ ಇದಕ್ಕೆ ಸಾಕ್ಷಿ ಎಂಬ ಮಾತು ನಮ್ಮ ಆರೋಗ್ಯ ಬರಹಗಳಲ್ಲಿ ಬೇರುಬಿಟ್ಟಿದೆ. ಹಿರಿಯರೊಬ್ಬರು ಬರೆದರು, ಉಳಿದವರು ನಕಲು ತೆಗೆದರು. ದಾಖಲೆ ಹೇಳುವುದು ಬೇರೆ.

ಮೈಸೂರಿಗರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಜತೆಗೆ ತಾಯಿಯ ತೂಕ, ಸೊಂಟದ ಮೂಳೆಯ ಹೊರ ಅಳತೆ. ಈ ಕೊನೆಯ ಎರಡು ಕಲಮುಗಳನ್ನೇ ನಕಲುಗಾರರು ಓದದೆ ಬಿಟ್ಟದ್ದು.

1996ರಲ್ಲಿ ಸ್ಟೈನ್, ಫಾಲ್, ಕುಮಾರನ್ ಮತ್ತು ಸಂಗಡಿಗರು 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದ್ದು ಹೃದಯದ ಕಾಯಿಲೆಯ ಲೆಕ್ಕ. 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ಉಳಿದಿದ್ದ 517 ಮಂದಿಯನ್ನು ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ 11%, ಅತಿ ಹೆಚ್ಚು ತೂಗಿದವರ ಗುಂಪಿನಲ್ಲಿ 3% ಮಂದಿಗೆ ಕಾಯಿಲೆಯಿತ್ತು. ಕೂಸು ಎರಡೂವರೆ ಕಿಲೋ ದಾಟದೆ, ತಾಯಿಯೂ 45 ಕಿಲೋಗಿಂತ ಕಡಿಮೆಯಿದ್ದಲ್ಲಿ 20%. (ತೂಕ ಏರಿದಂತೆ ಕಾಯಿಲೆ ಇಳಿಯುವ ಈ ಜಾಡು ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತದ್ದು 45 ವರ್ಷ ತುಂಬಿದವರಲ್ಲಿ ಮಾತ್ರ. ನಕಲುಗಾರರಿಗೆ ಇದೂ ಬೇಡವಾಯಿತು.)

ಸಕ್ಕರೆ ಕಾಯಿಲೆಯ ಲೆಕ್ಕ ಬಂದದ್ದು 1998ರಲ್ಲಿ. ಅಲ್ಲಿ ಜಾಡು ತಿರುಗಿತು. ಕಾಯಿಲೆ ಹೆಚ್ಚಿದ್ದುದು ಹುಟ್ಟುವಾಗ ಗಿಡ್ಡವಾಗಿ, ಉದ್ದಕ್ಕೆ ಮೀರಿದ ತೂಕವಿದ್ದವರಲ್ಲಿ. ಹೆಚ್ಚು ತೂಕದ, ಅಗಲ ಸೊಂಟದ ತಾಯಂದಿರ ಮಕ್ಕಳಲ್ಲಿ. ಹೇಲ್ಸ್ ಮತ್ತು ಬಾರ್ಕರ್ 1992ರಲ್ಲಿ ಇಂಗ್ಲೆಂಡಿನ ದಾಖಲೆಗಳನ್ನು ನೆಚ್ಚಿ ಕಟ್ಟಿದ 'ಮಿತವ್ಯಯಿ ದೇಹ'ದ (ಬಸಿರಲ್ಲಿ ಪೋಷಣೆ ಸಾಲದ ಕೂಸಿನ ದೇಹ ಉಳಿತಾಯಕ್ಕೆ ಒಗ್ಗಿ, ಮುಂದೆ ಸಕ್ಕರೆ ಕಾಯಿಲೆಗೆ ಈಡಾಗುತ್ತದೆಂಬ) ವಾದವನ್ನು ನಮ್ಮವರು ಮೈಸೂರಿನ ಮೇಲೆ ಹೊದಿಸಿದರು. ರಿಜಿಸ್ಟರಿನ ಮೈಗೆ ಅದು ಹೊಂದಲಿಲ್ಲ.

ಸಣ್ಣ ಕೂಸುಗಳು ಮೊದಲೇ ತೀರಿಕೊಂಡು, ಸಕ್ಕರೆಯ ನಂಟು ಮರೆಯಾಗಿರಬಹುದಲ್ಲ? ನ್ಯಾಯವಾದ ಆಕ್ಷೇಪ. ಆದರೆ ಹೃದಯದ ಲೆಕ್ಕಕ್ಕೆ ಸಿಕ್ಕವರೂ ಹೀಗೆ ಬದುಕುಳಿದವರೇ. ಒಂದೇ ಜರಡಿ ಒಂದು ನಂಟನ್ನು ಉಳಿಸಿ ಇನ್ನೊಂದನ್ನು ತಲೆಕೆಳಗು ಮಾಡಿತೆಂದರೆ, ಹೇಗೆಂದು ತೋರಿಸುವ ಹೊಣೆ ಹಾಗೆನ್ನುವವರದು.

ಜಾಡಿನ ಈ ತಿರುವಿಗೆ ತಾಯಿಯ ಸಕ್ಕರೆಯೇ ಕಾರಣವಿರಬಹುದೆಂಬ ಊಹೆಗೆ ಆಧಾರ ಸಿಕ್ಕಿದ್ದು ಅದೇ ಆಸ್ಪತ್ರೆಯ 'ಪಾರ್ಥೆನಾನ್' ಅಧ್ಯಯನದಲ್ಲಿ. 1997-98ರಲ್ಲಿ ಅಲ್ಲಿಗೆ ಬಂದ ಬಸುರಿಯರ ಸಕ್ಕರೆ ನೋಡಿ, ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದರು. ಹದಿಮೂರರ ಆಸುಪಾಸಿನಲ್ಲಿ ಅವರಲ್ಲಿ ಕೆಲವರನ್ನು ಅಪರಿಚಿತರ ಮುಂದೆ ನಿಲ್ಲಿಸಿ, ಭಾಷಣ ಮಾಡಿಸಿ, ಬಾಯಿಲೆಕ್ಕ ಕೇಳಿದರು. ಕೃಷ್ಣವೇಣಿ ಮತ್ತು ಸಂಗಡಿಗರ ವರದಿಯಂತೆ, ಬಸಿರಿನಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳ ಹೃದಯ ಆ ಒತ್ತಡಕ್ಕೆ ಹೆಚ್ಚು ದುಡಿಯಿತು. ಒತ್ತಡದ ಹಾರ್ಮೋನಾದ ಕಾರ್ಟಿಸೋಲಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇಷ್ಟಾದರೂ, ಬೆಂಗಳೂರಿನ ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನ ಇಲಿಗಳನ್ನು ಬಸಿರು-ಶೈಶವದ ಬವಣೆಯ ವಾದಕ್ಕೆ ಎಳೆದು ತರುವವರಿದ್ದಾರೆ. ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ಇಲಿಗಳನ್ನು ದಿನಕ್ಕೆರಡು ಗಂಟೆಯಂತೆ ಹತ್ತು ದಿನ ಅಲುಗದಂತೆ ಕಟ್ಟಿಹಾಕಿ, ಭಯದ ಕೇಂದ್ರವಾದ ಅಮಿಗ್ಡಲಾದ ನರಕೋಶಗಳು ಕವಲೊಡೆದು ಬೆಳೆದುದನ್ನು ತೋರಿಸಿದ್ದು ನಿಜ. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವು ಬೆಳೆದ ಇಲಿಗಳು, ಮರಿಗಳಲ್ಲ. ಶೈಶವದ ಮಾತಿಗೆ ಸಾಕ್ಷಿ ಬೇಕಾದವರು ಮೈಸೂರಿನ ರಿಜಿಸ್ಟರಿಗೇ ಮರಳಲಿ, ಈ ಸಲ ತಾಯಿಯ ಕಲಮುಗಳನ್ನೂ ಓದಲಿ.