ಮೌನಂ ಸಮ್ಮತಿ ಲಕ್ಷಣಂ: 401(ಕೆ) ಎಂಬ ನಿವೃತ್ತಿ ನಿಧಿಯ ಚರಿತ್ರೆ

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ 401(ಕೆ) ಎಂಬುದು ಚಿರಪರಿಚಿತ. ಅದು ಅಲ್ಲಿನ ಆದಾಯ ತೆರಿಗೆ ಸಂಹಿತೆಯ ಒಂದು ಉಪವಿಧಿಯ ಸಂಖ್ಯೆ, ಅಷ್ಟೆ. 1978ರಲ್ಲಿ ಸೇರಿದ ಈ ವಿಧಿಯನ್ನು ಸಾಮಾನ್ಯ ನೌಕರರ ಸಂಬಳದಿಂದಲೇ ಮುಪ್ಪಿನ ಉಳಿತಾಯಕ್ಕೆ ಬಳಸಬಹುದೆಂದು 1980ರಲ್ಲಿ ಕಂಡುಕೊಂಡವರು ಟೆಡ್ ಬೆನ್ನಾ ಎಂಬ ಸಲಹೆಗಾರರು.

ನಮ್ಮಲ್ಲಿ 1952ರ ಕಾಯಿದೆಯಂತೆ ನಡೆದುಬಂದ ಭವಿಷ್ಯ ನಿಧಿಗೆ ಹಣ ಕಡಿತವಾಗುವುದು ಕಡ್ಡಾಯ; ಅದನ್ನು ಎಲ್ಲಿ ತೊಡಗಿಸಬೇಕೆಂದು ನೌಕರನನ್ನು ಯಾರೂ ಕೇಳುತ್ತಿರಲಿಲ್ಲ. ಅಮೆರಿಕದಲ್ಲಾದರೋ ಸೇರುವುದೂ, ಎಷ್ಟು ಎಂಬುದೂ, ಯಾವ ಫಂಡ್ ಎಂಬುದೂ ನೌಕರನ ಆಯ್ಕೆಯೇ. ನಮೂನೆ ತುಂಬಿ ಸಹಿ ಹಾಕದವನು ಹೊರಗುಳಿಯುತ್ತಿದ್ದನು. ಮೌನವೆಂದರೆ ಅಲ್ಲಿ ನಿರಾಕರಣೆ.

ಬ್ರಿಜಿಟ್ ಮ್ಯಾಡ್ರಿಯನ್ ಮತ್ತು ಡೆನ್ನಿಸ್ ಶೀ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮೌನವನ್ನೇ ಪರೀಕ್ಷಿಸಿತು. ಒಂದು ದೊಡ್ಡ ಕಂಪನಿಯು 'ಬೇಡ ಎನ್ನದವರೆಲ್ಲರೂ ಸೇರಿದಂತೆ' ಎಂದು ನಿಯಮ ಬದಲಿಸಿದ ಮೇಲೆ, ಹೊಸ ನೌಕರರಲ್ಲಿ ಸೇರಿದವರ ಪ್ರಮಾಣ ಶೇ. 49ರಿಂದ 86ಕ್ಕೆ ಏರಿತ್ತು. ಆದರೆ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಹಾಗೆ ಸೇರಿದವರಲ್ಲಿ ಬಹುಪಾಲು ಮಂದಿ ಕಂಪನಿಯೇ ಗೊತ್ತುಮಾಡಿದ್ದ ಶೇ. 3ರ ವಂತಿಗೆಯಲ್ಲಿ, ಅದೇ ಕಡಿಮೆ ಬಡ್ಡಿಯ ಮನಿ ಮಾರ್ಕೆಟ್ ಫಂಡಿನಲ್ಲಿ ಕದಲದೆ ಉಳಿದರು! ಬೆಂಚಿನಲ್ಲಿ ಮೊದಲ ದಿನ ಕುಳಿತ ಜಾಗವನ್ನೇ ವರ್ಷವಿಡೀ ಹಿಡಿದುಕೊಳ್ಳುವ ಮಕ್ಕಳನ್ನು ಕಂಡವರಿಗೆ ಇದು ಅಚ್ಚರಿಯಲ್ಲ.

2006ರ ಆಗಸ್ಟ್ 17ರಂದು ಅಧ್ಯಕ್ಷ ಜಾರ್ಜ್ ಬುಷ್ ಸಹಿ ಮಾಡಿದ ಪಿಂಚಣಿ ಸಂರಕ್ಷಣಾ ಕಾಯಿದೆಯು ಮೌನದ ಅರ್ಥವನ್ನೇ ತಿರುಗಿಸಿತು. ಲಿಖಿತ ಒಪ್ಪಿಗೆಯಿಲ್ಲದೆ ಸಂಬಳ ಕಡಿತಗೊಳಿಸಬಾರದೆಂಬ ಹಲವು ರಾಜ್ಯಗಳ ಕಾನೂನುಗಳು ಈ ಯೋಜನೆಗಳಿಗೆ ಅಡ್ಡಬರದಂತಾಯಿತು. ಪ್ರತಿಯಾಗಿ ಕಂಪನಿಯು ನೌಕರನಿಗೆ ಮುಂಚಿತವಾಗಿ ತಿಳುವಳಿಕೆ ಪತ್ರ ನೀಡಬೇಕು: ಎಷ್ಟು ಕಡಿತವಾಗುತ್ತದೆ, ಎಲ್ಲಿ ತೊಡಗುತ್ತದೆ, ಬೇಡವೆನ್ನುವುದು ಹೇಗೆ. ಯೋಜನೆಯಲ್ಲಿ ಅವಕಾಶವಿದ್ದರೆ, ಮೊದಲ ಕಡಿತದಿಂದ 90 ದಿನಗಳೊಳಗೆ ಕೇಳಿ ಹಣ ಹಿಂಪಡೆಯಲೂಬಹುದು.

ಆಯ್ಕೆ ಮಾಡದವನ ಹಣ ಎಲ್ಲಿಗೆ ಹೋಗಬೇಕು? 2007ರ ಅಕ್ಟೋಬರಿನಲ್ಲಿ ಕಾರ್ಮಿಕ ಇಲಾಖೆಯ ನಿಯಮಗಳು ಅದಕ್ಕೂ ಉತ್ತರವಿತ್ತವು. ಷೇರು ಮತ್ತು ಸಾಲಪತ್ರಗಳನ್ನು ಬೆರೆಸಿದ, ನಿವೃತ್ತಿಯ ವರ್ಷವನ್ನೇ ಹೆಸರಿನಲ್ಲಿ ಹೊತ್ತ 'ಟಾರ್ಗೆಟ್ ಡೇಟ್' ಫಂಡಿನಂಥವಕ್ಕೆ ಹಾಕಿದರೆ, ಬೆಲೆ ಕುಸಿದ ಮಾತ್ರಕ್ಕೆ ಮಾಲೀಕನು ಹೊಣೆಗಾರನಾಗುವುದಿಲ್ಲ. ಮರುವರ್ಷವೇ ಮಹಾಕುಸಿತ ಬಂದಿತು. 2010ರಲ್ಲಿ ನಿವೃತ್ತರಾಗುವವರಿಗೆಂದೇ ಇದ್ದ ಫಂಡುಗಳಲ್ಲಿ ಕೆಲವು 2008ರಲ್ಲಿ ಶೇ. 4ರಷ್ಟು ಮಾತ್ರ ಕಳೆದುಕೊಂಡರೆ, ಒಂದು ಶೇ. 41ರಷ್ಟು ಕಳೆದುಕೊಂಡಿತು. ಹೆಸರಿನಲ್ಲಿ ಅದೇ ಇಸವಿ. ಒಳಗಿನ ಷೇರಿನ ಪಾಲು ಮಾತ್ರ ಬೇರೆಬೇರೆ. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದವನ ಸ್ಥಿತಿಯನ್ನು, ನಾನೂ ಆ ವಯಸ್ಸನ್ನು ದಾಟಿದವನಾದ್ದರಿಂದ, ಊಹಿಸಬಲ್ಲೆ.

2022ರ ಡಿಸೆಂಬರಿನ ಮತ್ತೊಂದು ಕಾಯಿದೆಯಂತೆ, ಅಲ್ಲಿಂದೀಚೆಗೆ ಸ್ಥಾಪನೆಯಾದ ಬಹುತೇಕ ಯೋಜನೆಗಳು 2025ರಿಂದ ನೌಕರರನ್ನು ತಾವೇ ಸೇರಿಸಿಕೊಳ್ಳಬೇಕು. ಮೊದಲ ವರ್ಷ ಶೇ. 3ರಿಂದ 10ರೊಳಗೆ, ಆಮೇಲೆ ಶೇ. 10 ಮುಟ್ಟುವವರೆಗಾದರೂ ವರ್ಷಕ್ಕೆ ಶೇ. 1ರಂತೆ ಹೆಚ್ಚಳ. ಹತ್ತು ಮಂದಿಯವರೆಗಿನ ಸಣ್ಣ ಸಂಸ್ಥೆಗಳಿಗೆ ವಿನಾಯಿತಿಯುಂಟು. ಬೇಡವೆನ್ನುವ, ಫಂಡ್ ಬದಲಿಸುವ ಹಕ್ಕು ನೌಕರನ ಬಳಿಯೇ ಉಳಿದಿದೆ. ಅದನ್ನು ನೆನಪಿಸುವ ಪತ್ರ ಪ್ರತಿ ವರ್ಷವೂ ಬರುತ್ತದೆ. ಜನವರಿಯಿಂದ ವರ್ಷ ಎಣಿಸುವ ಕಂಪನಿಗಳಲ್ಲಿ ಸಾಮಾನ್ಯವಾಗಿ ಡಿಸೆಂಬರ್ ಮೊದಲ ದಿನದೊಳಗೆ.